ಅಥೆನ್ಸಿನಲ್ಲಿ ಮಾತಿನ ವಿದ್ಯೆಗೆ ಕಟ್ಟಿದ ಬೆಲೆ

ಇಂದು ವಿಶ್ವವಿದ್ಯಾಲಯಗಳು ರಾಜಕೀಯ ಸಂವಹನವೆಂಬ ಹೆಸರಿನಲ್ಲಿ ಪದವಿ ನೀಡುವ ವಿದ್ಯೆಯನ್ನು, ಅಂದರೆ ಜನಸಮೂಹವನ್ನು ಮಾತಿನಿಂದ ಒಪ್ಪಿಸುವ ವಿದ್ಯೆಯನ್ನು, ಶುಲ್ಕ ಪಡೆದು ಕಲಿಸುವ ಕಸುಬು ಕ್ರಿ.ಪೂ. 5ನೆಯ ಶತಮಾನದ ಅಥೆನ್ಸಿನಲ್ಲಿ ಬೇರೂರಿತು; ಕೊಟ್ಟ ಹಣಕ್ಕೆ ತಕ್ಕ ಫಲ ದೊರೆತೀತೇ ಎಂಬ ಶಂಕೆಯೂ ಅದರೊಡನೆಯೇ ಹುಟ್ಟಿತು. ಪ್ನಿಕ್ಸ್ ಗುಡ್ಡದ ಮೇಲೆ ಸೇರುತ್ತಿದ್ದ ಜನಸಭೆಯಲ್ಲಿ ನಾಗರಿಕ ಹಕ್ಕುಳ್ಳ ಗಂಡಸರು ಎದ್ದು ಮಾತನಾಡಬಹುದಾಗಿತ್ತು. ನ್ಯಾಯಾಲಯದಲ್ಲಾದರೋ ವಾದಿ ಪ್ರತಿವಾದಿಗಳು ನೂರಾರು ತೀರ್ಪುಗಾರರ ಮುಂದೆ, ನೀರಿನ ಗಡಿಯಾರ ಅಳೆದುಕೊಟ್ಟ ಅವಧಿಯೊಳಗೆ, ತಾವೇ ವಾದ ಹೂಡಬೇಕಾಗಿತ್ತು. ಮಾತು ಬಾರದವನು ಆಸ್ತಿಯನ್ನೂ ಕಳೆದುಕೊಳ್ಳಬಹುದಾಗಿದ್ದ ಅಂಥ ಊರಿಗೆ ಸೋಫಿಸ್ಟರು, ಎಂದರೆ ಊರೂರು ಸುತ್ತಿ ಹಣಕ್ಕೆ ಪಾಠ ಹೇಳುತ್ತಿದ್ದ ಪಂಡಿತರು, ಬಂದದ್ದು ಸಹಜವೇ.

ಪ್ಲೇಟೋ ಹೇಳುವಂತೆ ಪಾರೋಸ್ ದ್ವೀಪದ ಎವೇನಸನ ಶುಲ್ಕ 5 ಮಿನಾ. ಒಂದು ಮಿನಾ ಎಂದರೆ 100 ದ್ರಾಕ್ಮ; ಎರೆಕ್ಥೇಯನ್ ಗುಡಿಯ ಕಟ್ಟಡದ ಲೆಕ್ಕಪತ್ರಗಳಲ್ಲಿ ಕುಶಲಕರ್ಮಿಯ ದಿನಗೂಲಿ 1 ದ್ರಾಕ್ಮ ಇರುವುದರಿಂದ, ಆ ಶುಲ್ಕ 500 ದಿನಗಳ ದುಡಿಮೆಗೆ ಸಮನಾಗುತ್ತದೆ. ಸಾಕ್ರೆಟೀಸನ ಮನೆಯೂ ಸೇರಿ ಅವನ ಒಟ್ಟು ಆಸ್ತಿ ಅಷ್ಟೇ ಬೆಲೆ ಬಾಳೀತೆಂದು ಕ್ಸೆನೊಫನ್ ಬರೆದಿದ್ದಾನೆ. ಅಬ್ಡೆರಾದ ಪ್ರೊಟಾಗೊರಸನ ಕ್ರಮ ಬೇರೆ: ಕೇಳಿದ ಹಣ ಹೆಚ್ಚೆನಿಸಿದ ಶಿಷ್ಯನು ಗುಡಿಗೆ ಹೋಗಿ, ಕಲಿತದ್ದರ ಬೆಲೆ ಇಷ್ಟೆಂದು ಆಣೆಯಿಟ್ಟು ಹೇಳಿ, ಅಷ್ಟನ್ನೇ ಕೊಡಬಹುದೆಂದು ಪ್ಲೇಟೋ ಅವನ ಬಾಯಲ್ಲೇ ಹೇಳಿಸುತ್ತಾನೆ. ಇಂದಿನ ಯಾವ ಕಾಲೇಜೂ ಒಪ್ಪದ ಷರತ್ತು ಇದು.

ಕ್ರಿ.ಪೂ. 390ರ ಸುಮಾರಿಗೆ ಸ್ಥಿರವಾದ ಶಾಲೆ ತೆರೆದ ಐಸೊಕ್ರಟೀಸ್, ಮೂರು ನಾಲ್ಕು ಮಿನಾಗಳಿಗೆ ಸದ್ಗುಣವನ್ನೂ ಸುಖವನ್ನೂ ಮಾರುವೆವೆನ್ನುವವರು ತಾವೇ ನ್ಯಾಯ ಕಲಿಸಿದ ಶಿಷ್ಯರನ್ನು ನಂಬದೆ ಶುಲ್ಕವನ್ನು ಮೂರನೆಯವರಲ್ಲಿ ಠೇವಣಿ ಇಡಿಸುತ್ತಾರೆಂದು ಲೇವಡಿ ಮಾಡಿದನು. ಅವನ ಸ್ವಂತ ಭರವಸೆ ಮಿತವಾಗಿತ್ತು: ಹುಟ್ಟು ಪ್ರತಿಭೆ ಮತ್ತು ಅಭ್ಯಾಸಗಳೇ ಮುಖ್ಯ, ಪಾಠವು ಅವುಗಳಿಗೆ ಒದಗುವ ನೆರವು ಮಾತ್ರ. ಆದರೂ ಅವನ ಶುಲ್ಕ 1,000 ದ್ರಾಕ್ಮವಾಗಿತ್ತೆಂದು ಪರಂಪರೆ ಹೇಳುತ್ತದೆ. ಶಿಷ್ಯರು ಮೂರು ನಾಲ್ಕು ವರ್ಷ ಅವನ ಬಳಿ ಉಳಿದು, ಭಾಷಣಗಳನ್ನು ರಚಿಸುವುದನ್ನೂ ಗುರುವಿನ ಕೃತಿಗಳನ್ನು ವಿಮರ್ಶಿಸುವುದನ್ನೂ ಕಲಿಯುತ್ತಿದ್ದರು. ಸೇನಾಪತಿ ತಿಮೋಥಿಯಸ್ ಅವರಲ್ಲೊಬ್ಬನು. ವಿದ್ಯೆಯ ಮಿತಿಯನ್ನು ಮೊದಲೇ ಹೇಳಿ, ಸಮಯವನ್ನು ಧಾರಾಳವಾಗಿ ಕೊಟ್ಟ ಈ ಶಾಲೆಯೇ, ದುಬಾರಿಯಾದರೂ, ಆ ಕಾಲದ ಪ್ರಾಮಾಣಿಕ ವ್ಯವಹಾರವೆನ್ನಬೇಕು.

ಪೋಷಕರು ಆಸ್ತಿ ಕಬಳಿಸಿದ್ದರಿಂದ ಅಷ್ಟು ಹಣ ತೆರಲಾಗದ ಡೆಮೊಸ್ತನೀಸ್ ಇಸಾಯಸನ ಶಿಷ್ಯನಾದನೆಂಬ ಕಾರಣವನ್ನು ಪ್ಲುಟಾರ್ಕ್ ಸಹ ಉಲ್ಲೇಖಿಸುತ್ತಾನೆ. ಆಸ್ತಿಹಕ್ಕಿನ ದಾವೆಗಳಲ್ಲಿ ನುರಿತಿದ್ದ ಇಸಾಯಸ್ ಅವನ ಅಗತ್ಯಕ್ಕೆ ತಕ್ಕ ಗುರುವೇ ಆಗಿದ್ದನು: ಕ್ರಿ.ಪೂ. 364ರ ಸುಮಾರಿಗೆ ಡೆಮೊಸ್ತನೀಸ್ ಪೋಷಕ ಅಫೋಬಸನ ಮೇಲೆ ಹೂಡಿದ ದಾವೆಯನ್ನು ತಾನೇ ವಾದಿಸಿ ಗೆದ್ದನು.