ಸಿವಿಲ್ ದಾವೆ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ

ಆಸ್ತಿ, ಹಣ, ಕರಾರು, ಕುಟುಂಬದ ಹಕ್ಕುಗಳಿಗಾಗಿ ನ್ಯಾಯಾಲಯದಲ್ಲಿ ಹೂಡುವ ವ್ಯಾಜ್ಯವೇ ಸಿವಿಲ್ ದಾವೆ. ದಕ್ಷಿಣ ಕನ್ನಡದ ಈ ಮೂರು ಊರುಗಳ ಸೀಮೆಯಲ್ಲಿ ಅದರ ಇತಿಹಾಸವು ಬಹುಮಟ್ಟಿಗೆ ಭೂಮಿಯ ಇತಿಹಾಸ.

ಮೂಡುಬಿದಿರೆಯಲ್ಲಿ ಚೌಟರು, ಬೆಳ್ತಂಗಡಿ ಸೀಮೆಯ ವೇಣೂರಿನಲ್ಲಿ ಅಜಿಲರು ಆಳುತ್ತಿದ್ದಾಗ ತಗಾದೆಗಳು ಬೀಡು, ಗುತ್ತು ಎಂಬ ಹಿರಿಮನೆಗಳ ಚಾವಡಿಯಲ್ಲಿ ತೀರುತ್ತಿದ್ದವು. ಧರ್ಮಸ್ಥಳದ ಹೆಗ್ಗಡೆಯವರಲ್ಲಿ ಹೊಯ್ಲು (ದೂರು) ಕೊಟ್ಟು ನ್ಯಾಯ ಕೇಳುವ ವಾಡಿಕೆ ಕೋರ್ಟುಗಳು ಬಂದಮೇಲೂ ಉಳಿಯಿತು. 1799ರಲ್ಲಿ ಈ ಸೀಮೆಯಿದ್ದ ಕೆನರಾ ಪ್ರಾಂತ್ಯ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. 1956ರವರೆಗೂ ಮದ್ರಾಸಿನ ಆಡಳಿತವಿದ್ದುದರಿಂದ, 1873ರ ಮದ್ರಾಸ್ ಸಿವಿಲ್ ಕೋರ್ಟುಗಳ ಕಾಯ್ದೆಯ ಮುನ್ಸೀಫ ಕೋರ್ಟೇ ಇಲ್ಲಿಯವರಿಗೆ ನ್ಯಾಯದ ಮೊದಲ ಮೆಟ್ಟಿಲಾಯಿತು.

ಆ ಕೋರ್ಟುಗಳನ್ನು ಬಹಳ ಕಾಡಿದ್ದು ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನ ಕಟ್ಟು. ಇಂಥ ಕುಟುಂಬದ ಸದಸ್ಯರು ಒತ್ತಾಯದಿಂದ ಪಾಲು ಪಡೆಯುವಂತಿಲ್ಲವೆಂದು 1860ರ ದಶಕದಲ್ಲಿ ಮದ್ರಾಸ್ ಹೈಕೋರ್ಟು ತೀರ್ಮಾನಿಸಿತು. ಜೀವನಾಂಶ ಕೇಳಬಹುದಿತ್ತು, ಯಜಮಾನನ ಪರಭಾರೆಯನ್ನು ಪ್ರಶ್ನಿಸಬಹುದಿತ್ತು. ಪಾಲು ಮಾತ್ರ ಸಿಗುತ್ತಿರಲಿಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕವರುಗಳಿಗೆ (ಕುಟುಂಬದ ಕವಲುಗಳಿಗೆ) ಪಾಲಿನ ಹಕ್ಕನ್ನು ಕೊಟ್ಟಿತು. ಆದರೆ ವಂಶ ಮುಂದುವರಿಸುವ ಹೆಣ್ಣಿಲ್ಲದ ನಿಸ್ಸಂತತಿ ಕವರಿಗೆ ಸಿಕ್ಕ ಪಾಲು ಯಾರಿಗೆ ಇಳಿಯಬೇಕು? 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಮೇಲೆ ಈ ಪ್ರಶ್ನೆ ಮತ್ತಷ್ಟು ಗೋಜಲಾಗಿ ಸುಪ್ರೀಂ ಕೋರ್ಟಿನವರೆಗೂ ಏರಿತು.

ಇನ್ನೂ ದೊಡ್ಡ ತಿರುವು ಭೂಸುಧಾರಣೆಯದು. 1974ರ ಮಾರ್ಚ್ 1ರಂದು ಗೇಣಿ ಭೂಮಿ ಸರಕಾರಕ್ಕೆ ಸೇರಿತು. ಚಾಲಗೇಣಿಯ (ಕಾಯಂ ಹಕ್ಕಿಲ್ಲದ ಗೇಣಿಯ) ಒಕ್ಕಲುಗಳು 7ನೇ ನಮೂನೆಯಲ್ಲಿ ‘ಡಿಕ್ಲರೇಶನ್’ ಹಾಕಿದರು. ಒಬ್ಬನು ಗೇಣಿದಾರನೋ ಅಲ್ಲವೋ ಎಂಬುದು ಸಿವಿಲ್ ಕೋರ್ಟಿನ ಕೈತಪ್ಪಿ ಭೂನ್ಯಾಯ ಮಂಡಳಿಗೆ ಹೋಯಿತು. ಇದು ಆಗಲೇಬೇಕಾಗಿದ್ದ ಬದಲಾವಣೆ: ಬಾಯಿಮಾತಿನ ಗೇಣಿಗೆ ಕಾಗದವಿಲ್ಲದ ಒಕ್ಕಲು, ದಾಖಲೆಯೂ ವಕೀಲರೂ ಇದ್ದ ಧಣಿಯ ಎದುರು ದಾವೆ ಗೆಲ್ಲುವುದು ಬಲು ಕಷ್ಟವಿತ್ತು.

ಇಂದು ಮೂರೂ ಕಡೆ ಸಿವಿಲ್ ನ್ಯಾಯಾಲಯಗಳಿವೆ. ಪಾಲು, ದಾರಿ, ಗಡಿ, ಕದೀಮ್ ವರ್ಗಕ್ಕೆ (ಹಳೆಯ ಪಟ್ಟಾ ಜಮೀನಿಗೆ) ತಾಗಿದ 100 ಗಜದೊಳಗಿನ ಸರಕಾರಿ ಕುಮ್ಕಿ ಜಾಗದ ಅನುಭೋಗ ಇಲ್ಲಿನ ಪರಿಚಿತ ತಕರಾರುಗಳು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಂತೆ ಸ್ಥಿರಾಸ್ತಿಯ ದಾವೆಯನ್ನು ಅದು ಇರುವ ವ್ಯಾಪ್ತಿಯ ಕೋರ್ಟಿನಲ್ಲೇ ಹೂಡಬೇಕು. ವಾದಪತ್ರದಲ್ಲಿ ವ್ಯಾಜ್ಯಕಾರಣ, ಆಸ್ತಿಯ ಚಕ್ಕುಬಂದಿ, ಕೇಳುವ ಪರಿಹಾರ ಸ್ಪಷ್ಟವಿರಬೇಕು. 1958ರ ರಾಜ್ಯ ಕಾಯ್ದೆಯಂತೆ ಕೋರ್ಟ್ ಶುಲ್ಕ ಕಟ್ಟಬೇಕು. ಸಮನ್ಸ್ ತಲುಪಿದ 30 ದಿನಗಳಲ್ಲಿ ಪ್ರತಿವಾದಿ ಲಿಖಿತ ಹೇಳಿಕೆ ಕೊಡಬೇಕು. ಸಕಾರಣವಿದ್ದರೆ ನ್ಯಾಯಾಲಯ 90 ದಿನಗಳವರೆಗೆ ಅವಕಾಶ ಕೊಡಬಹುದು. ವಿವಾದಾಂಶ, ಸಾಕ್ಷ್ಯ, ವಾದಗಳಾಗಿ ಡಿಕ್ರಿ ಬಂದರೂ ಸ್ವಾಧೀನ ತಾನಾಗಿ ಸಿಗದು. ಎದುರಾಳಿ ಬಿಟ್ಟುಕೊಡದಿದ್ದರೆ 12 ವರ್ಷಗಳೊಳಗೆ ಅಮಲ್ಜಾರಿ ಅರ್ಜಿ ಹಾಕಬೇಕು.