ಸಾಲಿಗ್ರಾಮದ ನಂಟರು

ದುಂಡಸಿಯವರು ಕಡಲು ನೋಡಬೇಕೆಂದರೆ ಘಟ್ಟ ಇಳಿಯಬೇಕು. ಆದರೂ ಶಿಗ್ಗಾವಿ, ಸವಣೂರು ಸೀಮೆಯ ಎಷ್ಟೋ ಮನೆಗಳಲ್ಲಿ ಕಡಲ ಪಳೆಯುಳಿಕೆಯೊಂದಕ್ಕೆ ನಿತ್ಯವೂ ಅಭಿಷೇಕ ನಡೆಯುತ್ತದೆ. ಸತ್ಯಬೋಧತೀರ್ಥರ ವೃಂದಾವನವಿರುವ ಸವಣೂರಿನಲ್ಲಂತೂ ಸಾಲಿಗ್ರಾಮದ ಪರಿಚಯ ಮಾಡಿಕೊಡಬೇಕಿಲ್ಲ. ಭಕ್ತರಿಗೆ ಅದು ವಿಷ್ಣುವಿನ ಸನ್ನಿಧಾನ. ಚಕ್ರವಿರುವ ಹಲವು ಸಾಲಿಗ್ರಾಮಗಳು ಭೂವಿಜ್ಞಾನಿಯ ಕಣ್ಣಿಗೆ ಅಮೋನೈಟ್ ಎಂಬ ಪ್ರಾಣಿಯ ಚಿಪ್ಪುಗಳು. ಹಿಮಾಲಯ ಏಳುವ ಮುನ್ನ ಅಲ್ಲಿ ಟೆಥಿಸ್ ಸಮುದ್ರವಿತ್ತು. ಅದರ ತಳದ ಕೆಸರಿನಲ್ಲಿ ಹೂತು ಕಲ್ಲಾದ ಚಿಪ್ಪುಗಳನ್ನು ನೇಪಾಳದ ಕಾಳಿಗಂಡಕಿ ಈಗ ಉರುಳಿಸಿ ನುಣುಪು ಮಾಡಿ ದಡಕ್ಕೆ ತರುತ್ತಿದೆ.

ಅಮೋನೈಟ್‌ನ ನಂಟರೇ ಆಕ್ಟೋಪಸ್, ಸ್ಕ್ವಿಡ್ (ನಮ್ಮ ಕರಾವಳಿಯ ಬೊಂಡಾಸ್) ಹಾಗೂ ಕಟಲ್‌ಫಿಶ್. ಸುಮಾರು 50 ಕೋಟಿ ವರ್ಷಗಳ ಹಿಂದೆ ಹುಟ್ಟಿದ ಈ ವಂಶದ ಹಿರಿಯರಿಗೆಲ್ಲ ಕೋಣೆಕೋಣೆಯಾದ ಚಿಪ್ಪಿತ್ತು. ಕೊನೆಯ ಕೋಣೆಯಲ್ಲಿ ಪ್ರಾಣಿಯ ವಾಸ, ಉಳಿದವುಗಳಲ್ಲಿ ತೇಲಲು ಅನಿಲ. ಅಮೋನೈಟ್‌ಗಳು 6.6 ಕೋಟಿ ವರ್ಷಗಳ ಹಿಂದೆ ಡೈನೋಸಾರ್‌ಗಳ ಜತೆಗೇ ಅಳಿದವು. ಇನ್ನೊಂದು ಕವಲು ಚಿಪ್ಪನ್ನು ಮೈಯೊಳಗೆ ಎಳೆದುಕೊಂಡಿತು. ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಹಗುರಾದ ಬಿಳಿಯ ಸಮುದ್ರಫೇನ ಹೆಸರಿಗೆ ನೊರೆ, ನಿಜದಲ್ಲಿ ಕಟಲ್‌ಫಿಶ್‌ನ ಒಳಚಿಪ್ಪು. ಸ್ಕ್ವಿಡ್‌ನಲ್ಲಿ ಉಳಿದಿರುವುದು ಪಾರದರ್ಶಕ ಗರಿಯಂಥ ಪಟ್ಟಿ; ಆಕ್ಟೋಪಸ್‌ನಲ್ಲಿ ಬಹುಪಾಲು ಏನೂ ಇಲ್ಲ.

ಚಿಪ್ಪು ಹೋದದ್ದರಿಂದ ವೇಗ ಬಂತು. ಆದರೆ ಬರಿಯ ಮೆತ್ತನೆಯ ಮಾಂಸ ಕಂಡವರ ಪಾಲಾಗಬೇಕಷ್ಟೆ! ಅಡಗುವುದು, ಬಣ್ಣ ಬದಲಿಸುವುದು, ವೈರಿಗೆ ಮಂಕುಬೂದಿ ಎರಚುವುದು ಅನಿವಾರ್ಯವಾಗಿ ಮಿದುಳು ಬೆಳೆಯಿತೆಂಬುದು ಹಲವು ವಿಜ್ಞಾನಿಗಳ ತರ್ಕ. ಆಕ್ಟೋಪಸ್‌ಗೆ ಸುಮಾರು 50 ಕೋಟಿ ನರಕೋಶಗಳಿವೆ. ಅವುಗಳಲ್ಲಿ ಹೆಚ್ಚಿನವು ಇರುವುದು ತೋಳುಗಳಲ್ಲಿ. ನೀರಿಗಿಳಿಸಿದ ಕೈಯ ಹತ್ತಿರವೇ ಬರುತ್ತದೆಂದು ಅರಿಸ್ಟಾಟಲ್ ಅದನ್ನು ದಡ್ಡ ಎಂದಿದ್ದ. ಅದು ಕುತೂಹಲವಿದ್ದೀತೆಂದು ಆ ಮಹಾಶಯನಿಗೆ ಹೊಳೆಯಲಿಲ್ಲ. ಇಂಡೋನೇಷ್ಯದಲ್ಲಿ ಆಕ್ಟೋಪಸ್‌ಗಳು ತೆಂಗಿನ ಕರಟವನ್ನು ಹೊತ್ತೊಯ್ದು, ಬೇಕಾದಾಗ ಅದರೊಳಗೆ ಅಡಗುವುದನ್ನು ವಿಜ್ಞಾನಿಗಳು 2009ರಲ್ಲಿ ವರದಿ ಮಾಡಿದರು. ಹಿರಿಯರು ಕಳೆದುಕೊಂಡ ಚಿಪ್ಪನ್ನು ಎರವಲು ತಂದಂತೆ! 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಟಲ್‌ಫಿಶ್‌ಗಳು ಎದುರಿಗಿದ್ದ ಸಾಧಾರಣ ತಿನಿಸು ಬಿಟ್ಟು, ಇಷ್ಟದ ಸೀಗಡಿಗಾಗಿ ಎರಡು ನಿಮಿಷದವರೆಗೂ ಕಾದವು. ನಮ್ಮ ಮಕ್ಕಳು ಕಾದಾವೆ?

ಇಷ್ಟು ಬುದ್ಧಿಗೆ ಆಯುಷ್ಯ ಮಾತ್ರ ಸಾಮಾನ್ಯವಾಗಿ ಒಂದೆರಡು ವರ್ಷ. ಮೊಟ್ಟೆಗೆ ಕಾವಲು ಕೂತ ತಾಯಿ ಆಕ್ಟೋಪಸ್ ಆಹಾರ ಬಿಟ್ಟು ಸೊರಗಿ, ಮರಿಗಳು ಹೊರಬರುವ ಹೊತ್ತಿಗೆ ಸಾಯುತ್ತದೆ. ಅದು ಕಲಿತ ಉಪಾಯಗಳು ಅದರೊಡನೆಯೇ ಮುಳುಗುತ್ತವೆ. ಮರಿ ಎಲ್ಲವನ್ನೂ ಮೊದಲಿನಿಂದ ಕಲಿಯಬೇಕು. ಹಳೆಯ ಸುರುಳಿಚಿಪ್ಪನ್ನು ಬಿಡದ ನಾಟಿಲಸ್ ಎಂಬ ನಂಟನಿಗೆ ಇಷ್ಟು ಚತುರತೆಯಿಲ್ಲ. ಅದು ಆಳದಲ್ಲಿ ನಿಧಾನವಾಗಿ ತೇಲುತ್ತ ಇಪ್ಪತ್ತು ವರ್ಷ ಬದುಕುತ್ತದೆ.