ಟುಮಾರೋಲ್ಯಾಂಡಿಗೆ ವಯಸ್ಸಾದಾಗ...

ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿರುವ ಡಿಸ್ನಿಲ್ಯಾಂಡಿಗೆ ಹೋಗಿದ್ದವರು ನೆನಪು ಮಾಡಿಕೊಳ್ಳಿ. ಟುಮಾರೋಲ್ಯಾಂಡ್ ಎಂಬ ಭಾಗದಲ್ಲಿ ನಡೆಯುವಾಗ ತಲೆಯ ಮೇಲೆ ಒಂದು ಹಳಿ ಹಾದುಹೋಗುತ್ತದೆ. ಅದರ ಮೇಲೆ ಏನೂ ಓಡುವುದಿಲ್ಲ. 2000ದ ಸೆಪ್ಟೆಂಬರಿನಿಂದಲೂ ಓಡಿಲ್ಲ. ಅರ್ಧಕ್ಕೆ ನಿಂತ ಫ್ಲೈಓವರ್ ನೋಡಿ ಅಭ್ಯಾಸವಾಗಿರುವ ನಮಗೆ ಇದೇನು ಮಹಾ ಅನ್ನಿಸಬಹುದು :) ಆದರೆ ಆ ಹಳಿಯ ಮಾತೆತ್ತಿದರೆ ಸಾಕು, ಅಲ್ಲಿನ ಹಳೇ ಅಭಿಮಾನಿಗಳು ಇವತ್ತಿಗೂ ನಿಟ್ಟುಸಿರು ಬಿಡುತ್ತಾರೆ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ಶುರುವಾದಾಗ ಟುಮಾರೋಲ್ಯಾಂಡ್ ಅಂದರೆ ಮದುವೆ ದಿನ ಬಂದರೂ ಸುಣ್ಣಬಣ್ಣ ಮುಗಿಯದ ಮನೆ. ದುಡ್ಡೂ ಇಲ್ಲ, ಸಮಯವೂ ಇಲ್ಲ. ಕೆಲಸ ಮುಗಿಯದ ಜಾಗಗಳನ್ನು ಬಲೂನು, ಬಾವುಟ ಕಟ್ಟಿ ಮರೆಮಾಡಿದ್ದರಂತೆ. ಉಳಿದ ಜಾಗವನ್ನು ಕಂಪನಿಗಳ ಪ್ರದರ್ಶನಕ್ಕೆ ಕೊಟ್ಟರು. ಮೊನ್ಸಾಂಟೋದ ರಸಾಯನಶಾಸ್ತ್ರ, ಕೈಸರ್ ಕಂಪನಿಯ ಅಲ್ಯೂಮಿನಿಯಂ, ಮರುವರ್ಷ ಕ್ರೇನ್ ಕಂಪನಿಯ 'ನಾಳಿನ ಬಚ್ಚಲುಮನೆ' ಕೂಡ! ಅಲ್ಲಿ ತೋರಿಸಬೇಕೆಂದಿದ್ದ 'ನಾಳೆ' ಯಾವುದು ಗೊತ್ತೇ? 1986ನೇ ಇಸವಿ.

ಇಲ್ಲೇ ಇರುವುದು ತಾಪತ್ರಯ. ಫ್ರಾಂಟಿಯರ್‌ಲ್ಯಾಂಡಿನಲ್ಲಿ ಹಳೆಯ ಅಮೆರಿಕ ಇದೆ, ಅದು ಎಷ್ಟು ವರ್ಷವಾದರೂ ಹಳೆಯದಾಗಿಯೇ ಚೆಂದ. ಭವಿಷ್ಯಕ್ಕೆ ಆ ಅನುಕೂಲ ಇಲ್ಲ. ಹಾಗಾಗಿ 1967ರಲ್ಲಿ ಹೆಚ್ಚೂಕಡಿಮೆ ಎಲ್ಲವನ್ನೂ ಒಡೆದು ಹೊಸದಾಗಿ ಕಟ್ಟಿದರು. ವಾಲ್ಟ್ ಡಿಸ್ನಿ ಆ ಯೋಜನೆಯಲ್ಲಿ ಪೂರ್ತಿ ಮುಳುಗಿದ್ದರು, ಆದರೆ ಉದ್ಘಾಟನೆ ನೋಡಲಿಲ್ಲ. 1966ರ ಡಿಸೆಂಬರಿನಲ್ಲೇ ತೀರಿಕೊಂಡರು. ಬಿಳಿ ಕಟ್ಟಡಗಳು, ಎತ್ತರದಲ್ಲಿ ಸುತ್ತುವ ರಾಕೆಟ್ಟುಗಳು, ಮತ್ತು ಎಲ್ಲದರ ಮಧ್ಯೆ ನುಸುಳಿಕೊಂಡು ಹೋಗುವ ಪೀಪಲ್‌ಮೂವರ್.

ಈ ಪೀಪಲ್‌ಮೂವರ್ ಬಗ್ಗೆ ಎರಡು ಮಾತು ಹೇಳಲೇಬೇಕು. ಅದರ ಡಬ್ಬಿಗಳಲ್ಲಿ ಮೋಟಾರೇ ಇರಲಿಲ್ಲ. ಹಳಿಯಲ್ಲೇ ಅಲ್ಲಲ್ಲಿ ಕೂರಿಸಿದ್ದ ಗುಡ್‌ಇಯರ್ ಟೈರುಗಳು ತಿರುಗುತ್ತಾ ಡಬ್ಬಿಗಳನ್ನು ಮುಂದಕ್ಕೆ ತಳ್ಳುತ್ತಿದ್ದವು. ಸುಮಾರು 16 ನಿಮಿಷದ ನಿಧಾನ ಸವಾರಿ. ಕಿರುಚಾಟ ಇಲ್ಲ, ಹೊಟ್ಟೆ ತೊಳಸುವುದಿಲ್ಲ. ಅಜ್ಜಿ, ಮೊಮ್ಮಗು ಒಟ್ಟಿಗೆ ಕೂತು ಕೆಳಗಿನ ಜನರನ್ನು ನೋಡುತ್ತಾ ಹೋಗಬಹುದಿತ್ತು. ನಾಳೆಯ ಊರುಗಳಲ್ಲಿ ಜನ ಹೀಗೆಯೇ ಓಡಾಡುತ್ತಾರೆ ಅನ್ನುವುದು ಡಿಸ್ನಿಯ ನಂಬಿಕೆ. ಅದು ಬರೀ ಆಟಿಕೆ ಆಗಿರಲಿಲ್ಲ, ಒಂದು ವಾದವೂ ಆಗಿತ್ತು.

1980ರ ದಶಕ ಮುಗಿಯುವ ಹೊತ್ತಿಗೆ ಈ ನಾಳೆಯೂ ಮಾಸಿತ್ತು. ಅಭಿಮಾನಿಗಳೇ 'ಏನಾದರೂ ಮಾಡ್ರಪ್ಪಾ' ಅನ್ನುತ್ತಿದ್ದರು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಆಮೇಲೆ 'ಈ ಜನಕ್ಕೆ ಬದಲಾವಣೆಯೇ ಬೇಡ' ಎಂಬ ಆರೋಪ ಬಂತು. 'ಟುಮಾರೋಲ್ಯಾಂಡ್ 2055' ಎಂಬ ಭಾರೀ ಯೋಜನೆಯೂ ತಯಾರಾಯಿತು. ಅಷ್ಟರಲ್ಲಿ 1992ರಲ್ಲಿ ತೆರೆದ ಪ್ಯಾರಿಸ್ಸಿನ ಪಾರ್ಕು ನಷ್ಟಕ್ಕೆ ಬಿತ್ತು, ಖರ್ಚಿಗೆ ಕತ್ತರಿ ಬಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. 1995ರ ಆಗಸ್ಟಿನಲ್ಲಿ ಪೀಪಲ್‌ಮೂವರ್ ನಿಂತಿತು.

1998ರ ಮೇ 22ರಂದು ಹೊಸ ಟುಮಾರೋಲ್ಯಾಂಡ್ ತೆರೆಯಿತು. ಟೋನಿ ಬ್ಯಾಕ್ಸ್ಟರ್ ನೇತೃತ್ವದ ತಂಡ ಜಾಣತನದ ಒಂದು ದಾರಿ ಹುಡುಕಿತ್ತು. ಭವಿಷ್ಯವನ್ನು ಊಹಿಸಿದರೆ ತಾನೇ ಅದು ಹಳತಾಗುವುದು? ಹಾಗಾದರೆ ಜೂಲ್ಸ್ ವರ್ನ್ ಕಾಲದವರು ಕಂಡ ಭವಿಷ್ಯವನ್ನೇ ತೋರಿಸೋಣ, ಅದು ಹಳತಾಗುವ ಪ್ರಶ್ನೆಯೇ ಇಲ್ಲ! ಪ್ಯಾರಿಸ್ಸಿನಲ್ಲಿ ಇದು ಚೆನ್ನಾಗಿ ಕಂಡಿತ್ತು, ಅಲ್ಲಿ ಬುಡದಿಂದ ಹಾಗೇ ಕಟ್ಟಿದ್ದರು. ಇಲ್ಲಿ 1967ರ ಬಿಳಿ ಕಾಂಕ್ರೀಟಿನ ಮೇಲೆ ಕಂಚು, ತಾಮ್ರ, ಚಿನ್ನದ ಬಣ್ಣ ಬಳಿದರು. ಹೂಗಿಡಗಳ ಬದಲು ತಿನ್ನಬಹುದಾದ ಸೊಪ್ಪು, ಹಣ್ಣಿನ ಗಿಡ ನೆಟ್ಟರು (ಇದು ನನಗೆ ಇಷ್ಟವಾದ ಭಾಗ). ಬಿಳಿ ಸ್ಪೇಸ್ ಮೌಂಟನ್ ಕಂದುಬಣ್ಣಕ್ಕೆ ತಿರುಗಿತು. ಭವಿಷ್ಯಕ್ಕೆ ತುಕ್ಕು ಹಿಡಿದಂತೆ ಕಂಡಿತು ಅಭಿಮಾನಿಗಳಿಗೆ.

ಬಣ್ಣವನ್ನಾದರೂ ಕ್ಷಮಿಸುತ್ತಿದ್ದರೇನೋ. ಪೀಪಲ್‌ಮೂವರ್ ಹಳಿಯ ಮೇಲೆ 'ರಾಕೆಟ್ ರಾಡ್ಸ್' ಎಂಬ ವೇಗದ ಗಾಡಿ ಬಿಟ್ಟರು. ನಿಧಾನದ ಗಾಡಿಗೆಂದು ಕಟ್ಟಿದ ಹಳಿ ಅದು, ತಿರುವುಗಳಲ್ಲಿ ಒಂದು ಕಡೆಗೆ ವಾಲಿಸಿರಲಿಲ್ಲ. ಹೊಸ ಗಾಡಿಗಾಗಿ ಅದನ್ನು ಬದಲಿಸಲೂ ಇಲ್ಲ. ಹಾಗಾಗಿ ನೇರ ಹಳಿಯಲ್ಲಿ ಓಡು, ತಿರುವು ಬಂದಾಗ ಬ್ರೇಕ್ ಹಾಕು, ಮತ್ತೆ ಓಡು. ಟೈರು ಸವೆದವು, ತೆರೆದ ವರ್ಷವೇ ರಿಪೇರಿಗೆಂದು ತಿಂಗಳುಗಟ್ಟಲೆ ನಿಂತಿತು. 16 ನಿಮಿಷದ ಸವಾರಿ ಸುಮಾರು 3 ನಿಮಿಷಕ್ಕೆ ಇಳಿದಿತ್ತು, ಕ್ಯೂ ಮಾತ್ರ ಉದ್ದ. ಆ ಕ್ಯೂನಲ್ಲಿ ಕಾಯುವವರು ನೋಡಲೆಂದು ಹಳೇ ಪೀಪಲ್‌ಮೂವರ್ ಡಬ್ಬಿಗಳಿಗೇ ನೀಲನಕ್ಷೆಯಂತೆ ಬಣ್ಣ ಹಚ್ಚಿ ಇಟ್ಟಿದ್ದರು! ಗಾಯದ ಮೇಲೆ ಉಪ್ಪು ಅಂದರೆ ಇದೇ ಅಲ್ವಾ? 2000ದ ಸೆಪ್ಟೆಂಬರಿನಲ್ಲಿ ನಿಂತ ರಾಕೆಟ್ ರಾಡ್ಸ್ ಮತ್ತೆ ಏಳುವುದಿಲ್ಲ ಎಂದು 2001ರಲ್ಲಿ ಗೊತ್ತಾಯಿತು. 1959ರಿಂದ ಇದ್ದ ಸಬ್‌ಮರೀನ್ ಸವಾರಿಯನ್ನೂ 1998ರ ಸೆಪ್ಟೆಂಬರಿನಲ್ಲಿ ಮುಚ್ಚಿದ್ದರು. ಕೊಳ ಮಾತ್ರ ಹಾಗೇ ಉಳಿದಿತ್ತು.

ಅಭಿಮಾನಿಗಳ ಗೊಣಗಾಟ ನೀರಿನಲ್ಲಿ ಹೋಮ ಮಾಡಿದಂತೆ ಆಯಿತೇ? ಪೂರ್ತಿ ಹಾಗಲ್ಲ. ಪಾರ್ಕಿನ 50ನೇ ವರ್ಷವಾದ 2005ರ ಹೊತ್ತಿಗೆ ಸ್ಪೇಸ್ ಮೌಂಟನ್ ಮತ್ತೆ ಬಿಳಿಯಾಗಿತ್ತು. 2007ರ ಜೂನಿನಲ್ಲಿ ಸಬ್‌ಮರೀನುಗಳು ನೀಮೋ ಮೀನಿನ ಕಥೆ ಹೊತ್ತು ವಾಪಸ್ ಬಂದವು. ಅದಕ್ಕಾಗಿ ಪಟ್ಟುಹಿಡಿದವರಲ್ಲಿ ಅದೇ ಟೋನಿ ಬ್ಯಾಕ್ಸ್ಟರ್ ಕೂಡ ಇದ್ದರು ಅನ್ನುವುದನ್ನು ಅವರನ್ನು ಬೈದವರು ಮರೆಯಬಾರದು. ಹಳಿ ಮಾತ್ರ ಖಾಲಿ.

ಫ್ಲಾರಿಡಾದ ಪಾರ್ಕಿನಲ್ಲಿ 1975ರಲ್ಲಿ ಶುರುವಾದ ಪೀಪಲ್‌ಮೂವರ್ ಇನ್ನೂ ಇದೆ. ಅದೂ 2020ರಲ್ಲಿ ನಿಂತು, ವರ್ಷಕ್ಕೂ ಹೆಚ್ಚು ಕಾಲ ಕಾಯಿಸಿ, 2021ರ ಏಪ್ರಿಲ್‌ನಲ್ಲಿ ಮತ್ತೆ ಹೊರಟಿತು. ನಿಮ್ಮಲ್ಲಿ ಯಾರಾದರೂ 1995ಕ್ಕೆ ಮುಂಚೆ ಅನಾಹೈಮ್‌ಗೆ ಹೋಗಿ ಆ ನಿಧಾನದ ಡಬ್ಬಿಯಲ್ಲಿ ಕೂತಿದ್ದರೆ ಖಂಡಿತ ಬರೆಯಿರಿ. ಮೇಲಿಂದ ಏನೇನು ಕಾಣುತ್ತಿತ್ತು?